ಎಡಗಡೆಯ ಸೀಟು: ಬದಿಯಡ್ಕದ ಹುಡುಗನೊಬ್ಬ ಮೋಟಾರು ರೇಸಿಗೆ ಹೋದ ಪ್ರಕರಣ

2022ರ ಮಳೆಗಾಲ. ತಂಗಿಯ ಮಗ ಬೈಕಿನಲ್ಲಿ ಬಂದು ಅಂಗಳದಲ್ಲಿ ನಿಂತ. ಅವನು ಬರುತ್ತಿದ್ದಾನೆ ಎಂದು ಕಾಸರಗೋಡು ಜಿಲ್ಲೆಯ ನಮ್ಮ ಬದಿಯಡ್ಕ ಪೇಟೆ ದಾಟುವಾಗಲೇ ನಮಗೆ ಗೊತ್ತಾಗಿತ್ತು. ಸೈಲೆನ್ಸರ್ ಬದಲಾಯಿಸಿದ್ದ. ಚಾ ತಣಿಯುವ ಮೊದಲೇ ವಿಷಯಕ್ಕೆ ಬಂದ. "ಮಾವ, ನಾನು ರೇಸಿಗೆ ಹೋಗ್ಬೇಕು. ನಾಲ್ಕು ಲಕ್ಷ ಬೇಕು."

ಅಳಿಯಕಟ್ಟಿನ ಕಾಲವಾಗಿದ್ದರೆ ಕೇಳುವ ಅಗತ್ಯವೇ ಇರಲಿಲ್ಲ, ಮಾವನ ಆಸ್ತಿ ಹೇಗೂ ಅವನಿಗೇ ಹೋಗುತ್ತಿತ್ತು. ಈಗ ಕೇಳಬೇಕು. ನಾನು ಕೊಡಲಿಲ್ಲ. ಬೇಡ ಅಂತಲೂ ಹೇಳಲಿಲ್ಲ. ಶಾಲೆಯಲ್ಲಿ ಲೆಕ್ಕ ಕಲಿಸುವವನು ನಾನು. "ಮೊದಲು ಲೆಕ್ಕ ಹಾಕುವ" ಅಂದೆ. ಆ ಲೆಕ್ಕ ಮೂರು ವರ್ಷ ಹಿಡಿಯಿತು. ಹುಡುಗನ ಹೆಸರು ಬರೆಯುವುದಿಲ್ಲ, ಅವನೇ ಬೇಡ ಅಂದಿದ್ದಾನೆ. ಉಳಿದದ್ದನ್ನೆಲ್ಲ ಬರೆಯಲು ಒಪ್ಪಿದ್ದಾನೆ, ತಪ್ಪುಗಳನ್ನೂ ಸೇರಿಸಿ.

ಕೈಯಲ್ಲಿ ಇದ್ದದ್ದು

ಆಗ ಅವನಿಗೆ 19 ವರ್ಷ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮ, ಆಮೇಲೆ ಐಟಿಐ. ಸೀತಾಂಗೋಳಿ ಕಡೆಯ ಒಂದು ಗ್ಯಾರೇಜಿನಲ್ಲಿ ಕೆಲಸ, ತಿಂಗಳಿಗೆ 11 ಸಾವಿರ. ಅಪ್ಪನದು ಬಾಡಿಗೆ ಪಿಕಪ್. ಮನೆಗೆ ಒಂದು ಎಕರೆ ಅಡಿಕೆ ತೋಟ, ಅದರಲ್ಲೂ ಕೊಳೆರೋಗ ಬಂದ ವರ್ಷ ಅರ್ಧ ಬೆಳೆ. ಗಾಡಿ ಓಡಿಸುವುದರಲ್ಲಿ ಹುಡುಗ ನಿಜವಾಗಿಯೂ ಚುರುಕು. ಅದಕ್ಕಿಂತ ಚುರುಕು ಗಾಡಿ ಬಿಚ್ಚಿ ಜೋಡಿಸುವುದರಲ್ಲಿ. ಈ ಎರಡನೆಯದನ್ನು ಅವನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

ಕೆಟ್ಟ ಲೆಕ್ಕವೂ ಇತ್ತು. ಹೆದ್ದಾರಿ 66 ಆರು ಪಥ ಆಗುತ್ತಿದ್ದ ದಿನಗಳು. ಸಂಚಾರಕ್ಕೆ ಇನ್ನೂ ಬಿಟ್ಟುಕೊಡದ ಡಾಂಬರಿನ ಮೇಲೆ ರಾತ್ರಿ ಹನ್ನೊಂದರ ನಂತರ ಹುಡುಗರ ಬೈಕ್ ರೇಸ್. ಒಂದು ರಾತ್ರಿ ಇವನೂ ಸಿಕ್ಕಿಬಿದ್ದ. ಸರಕಾರದ ಲಿಖಿತ ಒಪ್ಪಿಗೆ ಇಲ್ಲದೆ ಸಾರ್ವಜನಿಕ ರಸ್ತೆಯಲ್ಲಿ ವೇಗದ ಪಂದ್ಯ ಮಾಡಿದರೆ ಮೋಟಾರು ವಾಹನ ಕಾಯ್ದೆಯ 189ನೇ ಸೆಕ್ಷನ್. 2019ರ ತಿದ್ದುಪಡಿಯ ನಂತರ ಮೊದಲ ಸಲಕ್ಕೆ ಮೂರು ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಮತ್ತೆ ಸಿಕ್ಕಿದರೆ ಒಂದು ವರ್ಷ, ಹತ್ತು ಸಾವಿರ. ಸೈಲೆನ್ಸರಿನದ್ದು ಬೇರೆ ಕೇಸು. ವಾಹನವನ್ನು ಕಂಪನಿ ಮಾಡಿದ ರೂಪದಿಂದ ಮನಸ್ಸಿಗೆ ಬಂದ ಹಾಗೆ ಬದಲಾಯಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದ್ದು ಕೇರಳದಿಂದ ಹೋದ ಪ್ರಕರಣದಲ್ಲೇ. ದಂಡ ಕಟ್ಟಿ ಬಂದ. ಹಳೆಯ ಸೈಲೆನ್ಸರ್ ವಾಪಸ್ ಬಂತು. ಪೇಟೆಗೂ ನೆಮ್ಮದಿ.

ಇನ್ನು ನಾಲ್ಕು ಲಕ್ಷ ಯಾಕೆ? ಫೋನಿನಲ್ಲಿ ಪರಿಚಯವಾದ ಒಬ್ಬ ಏಜೆಂಟ್. "ಅಕಾಡೆಮಿ ಸೆಲೆಕ್ಷನ್, ಆಮೇಲೆ ವಿದೇಶದಲ್ಲಿ ತರಬೇತಿ, ಸ್ಪಾನ್ಸರ್ ನಾವೇ ಹುಡುಕಿ ಕೊಡ್ತೇವೆ" ಅಂದಿದ್ದನಂತೆ. ಹುಡುಗ ಹತ್ತು ಸಾವಿರ ಮುಂಗಡ ಕಳಿಸಿಯೂ ಆಗಿತ್ತು. ಅವನು ಗಾಡಿ ಓಡಿಸುವುದನ್ನು ಯಾರೂ ನೋಡಿರಲಿಲ್ಲ, ಆದರೂ 'ಸೆಲೆಕ್ಟ್' ಆಗಿದ್ದ! ಆ ಹಣ ಹೋಯಿತು. ಮೂರು ವರ್ಷದಲ್ಲಿ ಅವನು ಕಲಿತ ಪಾಠಗಳಲ್ಲಿ ಇದೇ ಅಗ್ಗದ್ದು ಅಂತ ಈಗ ನಾನು ತಮಾಷೆ ಮಾಡುವುದುಂಟು.

ಮೂರು ಏಣಿ, ಮೊದಲ ಎರಡು ನಾವು ಹತ್ತದವು

ರೇಸ್ ಅಂದರೆ ಅವನಿಗೆ ಫಾರ್ಮುಲಾ ಒನ್. ಹಾಗಾಗಿ ಅಲ್ಲಿಂದಲೇ ಶುರು ಮಾಡಿದೆವು.

ಆ ಏಣಿಯ ಕೆಳಗಿನ ಮೆಟ್ಟಿಲು ಕಾರ್ಟಿಂಗ್, ಕಾರ್ಟ್ ಎಂಬ ಪುಟ್ಟ ತೆರೆದ ಗಾಡಿಯ ಓಟ. ಅದನ್ನು ಹತ್ತುವವರು ಏಳೆಂಟು ವರ್ಷದ ಮಕ್ಕಳು. ಮುಂದೆ ವಿಶ್ವ ಚಾಂಪಿಯನ್ ಆದ ಮ್ಯಾಕ್ಸ್ ವರ್ಸ್ಟಾಪನ್ ನಾಲ್ಕೂವರೆ ವರ್ಷಕ್ಕೇ ಕಾರ್ಟ್ ಹತ್ತಿದವನು. 2015ರಲ್ಲಿ ಅವನು ಫಾರ್ಮುಲಾ ಒನ್ ಓಡಿಸುವಾಗ ವಯಸ್ಸು 17. ಅಷ್ಟು ಎಳೆಯರು ಬರಬಾರದು ಅಂತ ಆಮೇಲೆ ಕನಿಷ್ಠ 18 ಎಂಬ ನಿಯಮ ಬಂತು, ಜೊತೆಗೆ ಫಾರ್ಮುಲಾ ಒನ್ ಓಡಿಸಲು ಬೇಕಾದ ಸೂಪರ್ ಲೈಸೆನ್ಸಿಗೆ ಮೂರು ವರ್ಷದಲ್ಲಿ 40 ಅಂಕ ಗಳಿಸಬೇಕು. ನಮ್ಮ ಹುಡುಗನಿಗೆ ಆಗಲೇ 19. ಇನ್ನೂ ಕಾರ್ಟ್ ಮುಟ್ಟಿರಲಿಲ್ಲ.

"ಫಾರ್ಮುಲಾ ಒನ್ ಓಡಿಸಿದ ನಾರಾಯಣ್ ಕಾರ್ತಿಕೇಯನ್ ಕೊಯಮತ್ತೂರಿನವರಲ್ವಾ, ನಮ್ಮ ಹಾಗೆಯೇ ಸಣ್ಣ ಊರು" ಅಂದ. ಕೊಯಮತ್ತೂರು ಸಣ್ಣ ಊರೇನಲ್ಲ. ರೇಸಿನ ಮಟ್ಟಿಗಂತೂ ದೊಡ್ಡ ಊರು. ಕರಿವರ್ಧನ್ ಎಂಬ ಅಪರೂಪದ ಮನುಷ್ಯ ಮಾರುತಿ 800ರ ಎಂಜಿನ್ ಹಾಕಿ ಫಾರ್ಮುಲಾ ಮಾರುತಿ ಕಾರು ಕಟ್ಟಿದ್ದು ಅಲ್ಲಿ. ಅವರ ಹೆಸರಿನ ಕರಿ ಮೋಟಾರ್ ಸ್ಪೀಡ್‌ವೇ ಇರುವುದೂ ಅಲ್ಲೇ, ಚೆಟ್ಟಿಪಾಳ್ಯದಲ್ಲಿ. ನಾರಾಯಣ್ ಅವರ ಅಪ್ಪ ದಕ್ಷಿಣ ಭಾರತ ರ್‍ಯಾಲಿಯನ್ನು ಏಳು ಸಲ ಗೆದ್ದವರು. 2005ರಲ್ಲಿ ಜೋರ್ಡನ್ ತಂಡದ ಕಾರಿನಲ್ಲಿ ಕೂತ ಮಗನ ಹಿಂದೆ ಅಷ್ಟು ಇತ್ತು. ನಮ್ಮ ಹುಡುಗನ ಹಿಂದೆ ಪಿಕಪ್ ಇದೆ. ಮೇಲಿನ ಮೆಟ್ಟಿಲಾದ ಫಾರ್ಮುಲಾ 2ರಲ್ಲಿ ಒಂದು ಸೀಸನ್ನಿಗೆ ಹತ್ತಾರು ಕೋಟಿ ಬೇಕು. ನಾಲ್ಕು ಲಕ್ಷ ಅಲ್ಲಿ ಟಯರಿಗೂ ಸಾಲದು. ಈ ಏಣಿಯನ್ನು ಗೋಡೆಗೆ ಒರಗಿಸಿಟ್ಟೆವು.

ಎರಡನೆಯದು ಬೈಕ್. ಇದು ನಮ್ಮಂಥವರಿಗೆ ಎಟುಕುವ ಏಣಿ. ಒಂದೇ ಕಂಪನಿಯ ಒಂದೇ ಮಾದರಿಯ ಬೈಕಿನಲ್ಲಿ ಎಲ್ಲರೂ ಓಡುವ ಪಂದ್ಯವನ್ನು ಟಿವಿಎಸ್ 1994ರಿಂದ ನಡೆಸುತ್ತಿದೆ. ಹೋಂಡಾದ ಟ್ಯಾಲೆಂಟ್ ಕಪ್ ಎಳೆಯರಿಗೆ. ಬೈಕನ್ನು ಅವರೇ ಕೊಡುತ್ತಾರೆ, ಆಯ್ಕೆಯ ಓಟದಲ್ಲಿ ವೇಗ ತೋರಿಸಬೇಕು. ಹೆಚ್ಚಿನದು ನಡೆಯುವುದು ಶ್ರೀಪೆರಂಬದೂರಿನ ಹತ್ತಿರ ಇರುಂಗಾಟ್ಟುಕೋಟೆಯ ಟ್ರ್ಯಾಕಿನಲ್ಲಿ, ಸುಮಾರು 3.7 ಕಿಲೋಮೀಟರಿನ ಸುತ್ತು. ಶೊರ್ನೂರಿನ ಹರಿತ್ ನೋವಾ ಬೈಕಿನಲ್ಲೇ ಮರುಭೂಮಿಯ ದೊಡ್ಡ ಪಂದ್ಯವಾದ ಡಕಾರ್‌ವರೆಗೆ ಹೋದವರು. 2024ರಲ್ಲಿ ಅಲ್ಲಿ ರ್‍ಯಾಲಿ 2 ವಿಭಾಗವನ್ನೇ ಗೆದ್ದರು. ಕೇರಳದವರಿಗೆ ಅದು ದೂರದ ಮಾತಲ್ಲ.

ಹುಡುಗ ಇದಕ್ಕೇ ಅಂಟಿಕೊಂಡಿದ್ದ. ಆದರೆ 2023ರ ಆಗಸ್ಟಿನಲ್ಲಿ ಅದೇ ಟ್ರ್ಯಾಕಿನಲ್ಲಿ ಬೆಂಗಳೂರಿನ 13 ವರ್ಷದ ಹುಡುಗನೊಬ್ಬ ಬಿದ್ದು ತೀರಿಕೊಂಡ. ಪೇಪರಿನಲ್ಲಿ ಫೋಟೋ ಬಂತು. ತಂಗಿ ಆ ಪೇಪರನ್ನು ಮಡಚಿ ದೇವರ ಕೋಣೆಯ ಹಲಗೆಯ ಅಡಿಗೆ ಇಟ್ಟಳು. ಯಾಕೆ ಅಂತ ಯಾರೂ ಕೇಳಲಿಲ್ಲ. ಬೈಕಿನ ಮಾತು ಆ ಮನೆಯಲ್ಲಿ ಅಲ್ಲಿಗೆ ನಿಂತಿತು. ಇದನ್ನು ನಾನು ಸರಿ ತಪ್ಪು ಅಂತ ತೂಗುವುದಿಲ್ಲ. ರೇಸಿನ ಲೆಕ್ಕದಲ್ಲಿ ಅಮ್ಮನ ನಿದ್ದೆಗೂ ಒಂದು ಕಾಲಂ ಇರಬೇಕು.

ಮೂರನೆಯದು ರ್‍ಯಾಲಿ. ಜನಸಂಚಾರ ಮುಚ್ಚಿದ ದಾರಿಯಲ್ಲಿ ಒಂದೊಂದೇ ಕಾರು ಗಡಿಯಾರದ ವಿರುದ್ಧ ಓಡುವ ಪಂದ್ಯ. ನಮ್ಮ ಮೂಗಿನ ಕೆಳಗೇ ಇತ್ತು, ಕಂಡಿರಲಿಲ್ಲ.

ಭಾಗವತನ ಕೆಲಸ

ಭಾರತದ ರ್‍ಯಾಲಿ ಬಲ್ಲವರಿಗೆ ಮೂಸಾ ಶರೀಫ್ ಎಂದರೆ ದೊಡ್ಡ ಹೆಸರು. ಕಾಸರಗೋಡು ಜಿಲ್ಲೆಯವರೇ. 300ಕ್ಕೂ ಜಾಸ್ತಿ ರ್‍ಯಾಲಿಗಳಲ್ಲಿ ಕೂತವರು. ಮೋಟಾರು ಕ್ರೀಡೆಗೆ ಮೊದಲ ಅರ್ಜುನ ಪ್ರಶಸ್ತಿ ತಂದ ಗೌರವ್ ಗಿಲ್ ಜೊತೆ ರಾಷ್ಟ್ರೀಯ ಚಾಂಪಿಯನ್ ಆದವರು. 'ಕೂತವರು' ಅಂತ ಬರೆದದ್ದು ಬೇಕೆಂದೇ. ಅವರು ಸ್ಟಿಯರಿಂಗ್ ಹಿಡಿಯುವವರಲ್ಲ, ಎಡಗಡೆಯ ಸೀಟಿನಲ್ಲಿ ಕೂತು ದಾರಿ ಹೇಳುವ ನ್ಯಾವಿಗೇಟರ್.

ಹುಡುಗನಿಗೆ ಇದನ್ನು ಹೇಳಿದಾಗ ಮುಖ ಸಣ್ಣದಾಯಿತು. "ಕ್ಲೀನರ್ ಕೆಲಸವಾ ಮಾವ?"

ಯಕ್ಷಗಾನ ಕವಿ ಪಾರ್ತಿಸುಬ್ಬ ಹುಟ್ಟಿದ ಸೀಮೆಯಲ್ಲಿ ನ್ಯಾವಿಗೇಟರ್ ಅಂದರೇನು ಅಂತ ವಿವರಿಸುವುದು ಕಷ್ಟವಲ್ಲ. "ಆಟದಲ್ಲಿ ಕುಣಿಯುವುದು ವೇಷ. ಪದ ಎತ್ತಿ ಕೊಡುವುದು ಯಾರು? ಭಾಗವತರು ಒಂದು ಪದ ತಡ ಮಾಡಿದರೆ ಕರ್ಣಾರ್ಜುನರು ಎಲ್ಲಿ ನಿಲ್ಲಬೇಕು?" ಅಂದೆ. ರ್‍ಯಾಲಿಯಲ್ಲೂ ಹಾಗೆಯೇ. ಮುಂದಿನ ತಿರುವು ಡ್ರೈವರನಿಗೆ ಕಾಣುವುದೇ ಇಲ್ಲ. ಕಾಡು, ಧೂಳು, ಏರು. ಅವನು ಕಿವಿಯಿಂದ ಗಾಡಿ ಓಡಿಸುತ್ತಾನೆ.

ಕೆಲಸ ನಡೆಯುವುದು ಹೀಗೆ. ರ್‍ಯಾಲಿಗೆ ಮೊದಲು ಜೋಡಿಯು ಸಾಮಾನ್ಯ ಕಾರಿನಲ್ಲಿ, ಕಟ್ಟುಪಾಡಿನ ವೇಗದಲ್ಲಿ ದಾರಿಯನ್ನು ನೋಡಿ ಬರುತ್ತದೆ. ಇದಕ್ಕೆ ರೆಕಿ ಅನ್ನುತ್ತಾರೆ. ಡ್ರೈವರ್ ಪ್ರತಿ ತಿರುವಿಗೂ ಒಂದು ಅಂಕೆ ಹೇಳುತ್ತಾನೆ, ನ್ಯಾವಿಗೇಟರ್ ಬರೆದುಕೊಳ್ಳುತ್ತಾನೆ, ಇದೇ ನೋಟು. ಇವನ ಡ್ರೈವರನ ಪದ್ಧತಿಯಲ್ಲಿ ಒಂದು ಅಂದರೆ ಕಡು ತಿರುವು, ಆರು ಅಂದರೆ ಹೆಚ್ಚುಕಡಿಮೆ ನೇರ. ಇದನ್ನು ತಿರುಗಾ ಮುರುಗಾ ಇಟ್ಟುಕೊಳ್ಳುವವರೂ ಇದ್ದಾರೆ. ಅಂಕೆಯ ಜೊತೆ ದೂರ, ಏರಿನ ತುದಿ, ಗುಂಡಿ, ಒಳಗೆ ಕಲ್ಲಿದ್ದರೆ "ಕಟ್ ಮಾಡಬೇಡ". ಪಂದ್ಯದ ದಿನ ಅದನ್ನು ಹೆಲ್ಮೆಟಿನೊಳಗಿನ ಮೈಕಿನಲ್ಲಿ ಓದಬೇಕು. ಬೇಗ ಓದಿದರೆ ಅವನು ಮರೆಯುತ್ತಾನೆ, ತಡವಾಗಿ ಓದಿದರೆ ಕಾರು ಆಗಲೇ ಚರಂಡಿಯಲ್ಲಿ. ಸಾಲು ತಪ್ಪಿತು ಅಂದರೆ ಆ ಕ್ಷಣವೇ "ತಪ್ಪಿತು" ಅಂತ ಹೇಳಬೇಕು. ಸುಮ್ನೆ ಊಹೆ ಮಾಡಿ ಓದುವವನ ಪಕ್ಕದಲ್ಲಿ ಯಾರೂ ಎರಡನೇ ಸಲ ಕೂರುವುದಿಲ್ಲ.

ಹುಡುಗನನ್ನು ಒಪ್ಪಿಸಿದ್ದು ಮಾತ್ರ ಬೇರೆ ಒಂದು ಸಂಗತಿ. 1981ರ ವಿಶ್ವ ರ್‍ಯಾಲಿಯಲ್ಲಿ ಚಾಂಪಿಯನ್ ಆದವನು ಆರಿ ವಾಟನೆನ್, ಎರಡನೇ ಸ್ಥಾನ ಗೀ ಫ್ರೆಕೆಲಿನ್. ಇಬ್ಬರ ಪಕ್ಕದಲ್ಲೂ ಒಬ್ಬೊಬ್ಬ ನೋಟು ಓದುವವನಿದ್ದ. ವಾಟನೆನ್ ಪಕ್ಕದಲ್ಲಿದ್ದ ಡೇವಿಡ್ ರಿಚರ್ಡ್ಸ್ ಮುಂದೆ ರೇಸು ಕಾರು ತಯಾರಿಸುವ ಪ್ರೊಡ್ರೈವ್ ಕಂಪನಿ ಕಟ್ಟಿದ. ಫ್ರೆಕೆಲಿನ್ ಪಕ್ಕದಲ್ಲಿದ್ದವನು ಜ್ಯಾನ್ ಟಾಟ್. ಫೆರಾರಿ ತಂಡ ನಡೆಸಿ, 2009ರಿಂದ 2021ರವರೆಗೆ ಜಗತ್ತಿನ ಮೋಟಾರು ಕ್ರೀಡೆಗೆ ನಿಯಮ ಮಾಡುವ ಸಂಸ್ಥೆಯಾದ ಎಫ್‌ಐಎಗೇ ಅಧ್ಯಕ್ಷನಾಗಿದ್ದ. "ಈ ಕ್ಲೀನರ್ ಪರವಾಗಿಲ್ಲ" ಅಂದ ಹುಡುಗ.

ನನಗೆ ಕಂಡ ಲಾಭ ಬೇರೆ. ಡ್ರೈವರ್ ಆಗಬೇಕಾದರೆ ಕಾರು ಬೇಕು, ಒಳಗೆ ಉಕ್ಕಿನ ಚೌಕಟ್ಟು ಅಂದರೆ ರೋಲ್ ಕೇಜ್ ಬೇಕು, ಟಯರು, ಲಾರಿ, ಮೆಕ್ಯಾನಿಕ್ ಬೇಕು. ಕಾರು ಮಗುಚಿದರೆ ಅದೂ ನಮ್ಮದೇ ತಲೆಗೆ. ಎಡಗಡೆಯ ಸೀಟಿಗೆ ಬೇಕಾದದ್ದು ಹೆಲ್ಮೆಟ್, ಕುತ್ತಿಗೆ ಕಾಯುವ ಹ್ಯಾನ್ಸ್ ಪಟ್ಟಿ, ಬೆಂಕಿ ತಡೆಯುವ ಸೂಟು, ಭಾರತದ ಒಕ್ಕೂಟ ಎಫ್‌ಎಂಎಸ್‌ಸಿಐ ಕೊಡುವ ಲೈಸೆನ್ಸು, ಒಂದು ಪುಸ್ತಕ, ಒಂದು ಪೆನ್ಸಿಲ್. ಸಾಮಾನುಗಳು ಅಗ್ಗವೇನಲ್ಲ. ಅವಧಿ ಮುಗಿಯದ, ಮುದ್ರೆ ಇರುವ ಸಾಮಾನೇ ಆಗಬೇಕು. ಆದರೂ ಒಂದು ಕಾರಿನ ಬೆಲೆಯ ಮುಂದೆ ಅದು ಚಿಲ್ಲರೆ. ನಾನು ಕೊನೆಗೆ ಕೊಟ್ಟದ್ದು ಈ ಚಿಲ್ಲರೆಯನ್ನು, ಅದೂ ಸಾಲವಾಗಿ, ಕಂತಿನಲ್ಲಿ.

ಬಸ್ಸಿನಲ್ಲಿ ಓದು

ಮೊದಲು ಮಾರ್ಷಲ್ ಆಗಿ ಹೋದ. ರ್‍ಯಾಲಿ ನಡೆಸುವವರಿಗೆ ಸ್ವಯಂಸೇವಕರು ಯಾವಾಗಲೂ ಬೇಕು. ಮಂಗಳೂರು, ಉಜಿರೆ, ಚಾರ್ಮಾಡಿ ಘಾಟಿ ದಾಟಿ ಚಿಕ್ಕಮಗಳೂರಿನ ಒಂದು ಕಾಫಿ ತೋಟ. ಎರಡು ದಿನ ಒಂದು ತಿರುವಿನಲ್ಲಿ ನಿಂತು ಜನರನ್ನು ಹಿಂದೆ ಸರಿಸುವುದು, ಅಷ್ಟೇ ಕೆಲಸ. ಊಟ ಅವರದು, ಬಸ್ ಖರ್ಚು ನಮ್ಮದು. ಈ ಎರಡು ದಿನಕ್ಕೆ ನಾನು ತುಂಬ ಬೆಲೆ ಕೊಡುತ್ತೇನೆ. ಪಂದ್ಯವನ್ನು ಅವನು ಮೊದಲ ಸಲ ಹೊರಗಿನಿಂದ ನೋಡಿದ. 2019ರಲ್ಲಿ ರಾಜಸ್ಥಾನದ ಬಾಡಮೇರ್ ಕಡೆ ನಡೆದ ರ್‍ಯಾಲಿಯಲ್ಲಿ ಮುಚ್ಚಿದ ದಾರಿಗೆ ಒಂದು ಬೈಕ್ ನುಗ್ಗಿ ಒಂದೇ ಮನೆಯ ಮೂವರು ಸತ್ತಿದ್ದರು. ಹಗ್ಗ ಹಿಡಿದು ನಿಲ್ಲುವವನ ಕೆಲಸ ಏನೆಂದು ಅಲ್ಲಿನ ಹಿರಿಯರು ಆ ಕಥೆಯಿಂದಲೇ ಶುರು ಮಾಡಿದರಂತೆ. ಬಂದ ಮೇಲೆ ಹೆದ್ದಾರಿಯ ರಾತ್ರಿ ಓಟದ ಗೆಳೆಯರ ಗುಂಪಿನಿಂದ ತಾನಾಗಿಯೇ ಹೊರಗೆ ಬಂದ. ನಾನು ಹೇಳಿ ಆಗದ್ದು.

ಆಮೇಲೆ ಟಿಎಸ್‌ಡಿ. ಟೈಮ್, ಸ್ಪೀಡ್, ಡಿಸ್ಟೆನ್ಸ್. ಇದರಲ್ಲಿ ವೇಗಕ್ಕೆ ಬಹುಮಾನವಿಲ್ಲ. ಕೊಟ್ಟ ಸರಾಸರಿ ವೇಗದಲ್ಲೇ ಹೋಗಬೇಕು, ಮಧ್ಯೆ ಎಲ್ಲೋ ಗಡಿಯಾರ ಹಿಡಿದು ಕೂತಿರುತ್ತಾರೆ. ಮನೆಯ ಕಾರೇ ಸಾಕು. ಲೆಕ್ಕದ ಮೇಷ್ಟ್ರಾದ ನನಗೆ ಇದು ಹಬ್ಬ. ಗಂಟೆಗೆ 36 ಕಿಲೋಮೀಟರ್ ಅಂದರೆ ಒಂದು ಕಿಲೋಮೀಟರಿಗೆ 100 ಸೆಕೆಂಡು. 40 ಅಂದರೆ 90. 45 ಅಂದರೆ 80. ಇದನ್ನು ಬಾಯಿಪಾಠ ಮಾಡಿಸಿದೆ. ದಾರಿಯ ಪುಸ್ತಕದಲ್ಲಿ ಊರಿನ ಹೆಸರು ಇರುವುದಿಲ್ಲ, ಬಾಣ ಮತ್ತು ಗೆರೆಗಳ ಚಿತ್ರ. ಹಾಲೆಂಡಿನ ಟ್ಯುಲಿಪ್ ರ್‍ಯಾಲಿಯಿಂದ ಬಂದ ಪದ್ಧತಿಯಾದ್ದರಿಂದ ಅದನ್ನು ಟ್ಯುಲಿಪ್ ಅಂತಲೇ ಕರೆಯುತ್ತಾರೆ.

ದೊಡ್ಡ ತೊಡಕು ಬೇರೆಯೇ ಇತ್ತು. ಓಡುವ ಗಾಡಿಯಲ್ಲಿ ತಲೆ ತಗ್ಗಿಸಿ ಓದಿದರೆ ಹುಡುಗನಿಗೆ ವಾಂತಿ! ಬೈಕಿನಲ್ಲಿ ಗಾಳಿಯ ಹಾಗೆ ಹೋಗುವವನು ಕಾರಿನಲ್ಲಿ ಪುಸ್ತಕ ತೆರೆದರೆ ಹಸಿರಾಗುತ್ತಿದ್ದ. ಅದಕ್ಕೆ ಅವನೇ ಕಂಡುಕೊಂಡ ಮದ್ದು ಮುಳ್ಳೇರಿಯಕ್ಕೆ ಹೋಗುವ ಬಸ್ಸು. ಹಿಂದಿನ ಸೀಟಿನಲ್ಲಿ ಕೂತು ಪೇಪರ್ ಓದುವುದು. ಮೊದಲು ಎರಡು ನಿಮಿಷ, ಆಮೇಲೆ ಐದು, ಆಮೇಲೆ ಇಡೀ ದಾರಿ. ಮೂರು ತಿಂಗಳು. ಕಂಡಕ್ಟರ್ ಇವನನ್ನು ಕೆಲಸಕ್ಕೆ ಪರೀಕ್ಷೆ ಬರೆಯುವವನು ಅಂದುಕೊಂಡಿದ್ದರಂತೆ.

ಭಾಷೆಯದೂ ಒಂದು ಕಥೆ. ಮನೆಯಲ್ಲಿ ಕನ್ನಡ, ಗ್ಯಾರೇಜಿನಲ್ಲಿ ಮಲಯಾಳ, ಗೆಳೆಯರ ಜೊತೆ ತುಳು. ನೋಟು ಮಾತ್ರ ಇಂಗ್ಲಿಷಿನಲ್ಲಿ. ಗಾಬರಿಯಾದಾಗ ಬಾಯಿಗೆ ಬರುವುದು ಯಾವುದು? ಅಭ್ಯಾಸದಲ್ಲಿ ಒಮ್ಮೆ "ಲೆಫ್ಟ್ ತ್ರೀ, ಗುಂಡಿ ಉಂಟು ಮಾರಾಯಾ" ಅಂದುಬಿಟ್ಟ. ಪಕ್ಕದಲ್ಲಿದ್ದ ಸಕಲೇಶಪುರ ಕಡೆಯ ಡ್ರೈವರಿಗೆ ಅದೇ ಹಿಡಿಸಿತು. ಗುಂಡಿ ಎಂಬ ಪದ ಅವರ ಪುಸ್ತಕದಲ್ಲಿ ಖಾಯಂ ಆಯಿತು. ಇಂಗ್ಲಿಷ್ ಪದಕ್ಕಿಂತ ಅದು ಬೇಗ ಕಿವಿಗೆ ತಾಗುತ್ತದೆ ಅಂತ ಆತನ ವಾದ.

ಒಂದು ನಿಮಿಷ

2024ರಲ್ಲಿ ಮೊದಲ ನಿಜವಾದ ರ್‍ಯಾಲಿ, ಹಳೆಯ ಎಸ್ಟೀಮ್ ಕಾರು. ಮೊದಲ ಮೂರು ಹಂತ ಚೆನ್ನಾಗಿ ಹೋಯಿತು, ತಮ್ಮ ವಿಭಾಗದಲ್ಲಿ ಮೂರನೆಯವರು. ನಾಲ್ಕನೆಯದಕ್ಕೆ ಮೊದಲು ಸಾರ್ವಜನಿಕ ರಸ್ತೆಯಲ್ಲಿ, ಟ್ರಾಫಿಕ್ ನಿಯಮ ಪಾಲಿಸಿಕೊಂಡು, ಸಮಯ ದಾಖಲಿಸುವ ಮುಂದಿನ ಕಂಟ್ರೋಲಿಗೆ ಹೋಗಬೇಕು. ಅಲ್ಲಿ ಹೇಳಿದ ನಿಮಿಷಕ್ಕೇ ಸಮಯದ ಕಾರ್ಡು ಕೊಡಬೇಕು. ತಡವಾದರೆ ನಿಮಿಷಕ್ಕೆ 10 ಸೆಕೆಂಡು ದಂಡ. ಬೇಗ ಕೊಟ್ಟರೆ ನಿಮಿಷಕ್ಕೆ ಪೂರಾ ಒಂದು ನಿಮಿಷ. ಬೇಗ ಬಂದವನಿಗೆ ದಂಡ ಜಾಸ್ತಿ! ಮದುವೆ ಊಟಕ್ಕೆ ಮೊದಲ ಪಂಕ್ತಿಯಲ್ಲೇ ಕೂರುವ ನಮ್ಮೂರಿನವರಿಗೆ ಇದು ಅರ್ಥವಾಗುವುದು ಕಷ್ಟ.

ಹುಡುಗ ತನ್ನ ಗಡಿಯಾರ ನೋಡಿದ, ಕಾರ್ಡು ಚಾಚಿದ. ಬೆಳಿಗ್ಗೆ ರ್‍ಯಾಲಿಯ ಅಧಿಕೃತ ಗಡಿಯಾರಕ್ಕೆ ಅದನ್ನು ಹೊಂದಿಸಲು ಮರೆತಿದ್ದ. ಅದು ಕೆಲವು ಸೆಕೆಂಡು ಮುಂದಿತ್ತು, ಆದರೆ ಆ ಸೆಕೆಂಡುಗಳು ನಿಮಿಷದ ಗೆರೆಯ ಆಚೆ ಬಿದ್ದವು. ಒಂದು ನಿಮಿಷ ದಂಡ. ಮೂರನೆಯವರು ಏಳನೆಯವರಾದರು. ಡ್ರೈವರ್ ಬೈಯಲಿಲ್ಲವಂತೆ. ಸಂಜೆಯವರೆಗೆ ಮಾತೇ ಆಡಲಿಲ್ಲ. ಅದು ಬೈಗುಳಕ್ಕಿಂತ ಜೋರು.

ನಾನು ಕಂಡ ಹಾಗೆ ಅವನು ನ್ಯಾವಿಗೇಟರ್ ಆದದ್ದು ಆ ದಿನ. ಅಲ್ಲಿಯವರೆಗೆ ಒಳಗೊಳಗೇ "ಒಂದು ದಿನ ನಾನೂ ಬಲಗಡೆಗೆ ಹೋಗುತ್ತೇನೆ" ಅಂತ ಇತ್ತು. ಈ ಸೀಟಿನಿಂದಲೂ ಪಂದ್ಯ ಸೋಲಿಸಬಹುದು ಅಂತ ಗೊತ್ತಾದ ಮೇಲೆ ಸೀಟಿನ ಬಗ್ಗೆ ಮರ್ಯಾದೆ ಬಂತು. ಮುಂದಿನ ರ್‍ಯಾಲಿಯಲ್ಲಿ ಮಧ್ಯೆ ಟಯರ್ ಒಡೆಯಿತು. ಇಳಿದು ಬದಲಾಯಿಸಿದ್ದು ಇವನೇ. ಗ್ಯಾರೇಜಿನ ಕೈ ಅಲ್ಲಿ ಮಾತಾಡಿತು. ಆ ದಿನ ಕಾರುಗಳ ರಿಪೇರಿ ನಡೆಯುವ ಜಾಗದಲ್ಲಿ ಬೇರೆ ತಂಡದವರೊಬ್ಬರು ಬಂದು ಇವನ ಫೋನ್ ನಂಬರ್ ತೆಗೆದುಕೊಂಡರು.

ಒಂದು ವಿಷಯ ಅಪ್ಪ ಅಮ್ಮಂದಿರು ಕೇಳುವುದೇ ಇಲ್ಲ, ಹಾಗಾಗಿ ನಾನೇ ಹೇಳುತ್ತೇನೆ. ನಮ್ಮ ಮಾಮೂಲು ವಾಹನ ವಿಮೆಯ ಕಾಗದದಲ್ಲಿ ಸಂಘಟಿತ ರೇಸು, ವೇಗದ ಪರೀಕ್ಷೆ ಇವಕ್ಕೆ ರಕ್ಷಣೆ ಇಲ್ಲ ಅಂತ ಸ್ಪಷ್ಟವಾಗಿ ಬರೆದಿರುತ್ತದೆ. ಅಪಘಾತ ವಿಮೆಯ ಹಲವು ಪಾಲಿಸಿಗಳೂ ಹಾಗೆಯೇ. ಹೆಸರು ಕೊಡುವ ಮೊದಲು ಸಂಘಟಕರ ಹತ್ತಿರ ಯಾವ ವಿಮೆ ಇದೆ, ಎಷ್ಟಕ್ಕಿದೆ ಅಂತ ಕಾಗದ ನೋಡಿಯೇ ಸಹಿ ಹಾಕಿಸಿದೆ. ಹುಡುಗನಿಗೆ ಅವಮಾನವಾಯಿತಂತೆ. ಆಗಲಿ.

ಹಣದ ವಿಷಯ ಬಿಚ್ಚಿ ಹೇಳಬೇಕು. ಮೂರು ವರ್ಷದಲ್ಲಿ ರ್‍ಯಾಲಿಯಿಂದ ಅವನಿಗೆ ಲಾಭ ಬಂದಿಲ್ಲ. ಡ್ರೈವರ್ ಪ್ರವೇಶ ಶುಲ್ಕ, ಪೆಟ್ರೋಲು, ಊಟ, ವಸತಿ ನೋಡಿಕೊಳ್ಳುತ್ತಿದ್ದ. ಬಸ್ಸು, ಲೈಸೆನ್ಸು, ರಜೆ ಹಾಕಿದ ದಿನದ ಸಂಬಳ ಇವನದು. ನನ್ನ ಸಾಲದಲ್ಲಿ ಅರ್ಧ ತೀರಿದೆ, ಅದೂ ಗ್ಯಾರೇಜಿನ ಸಂಬಳದಿಂದ. ಗ್ಯಾರೇಜಿನ ಕೆಲಸ ಬಿಡದೇ ಇದ್ದದ್ದರಿಂದಲೇ ಇಷ್ಟು ದೂರ ಬಂದ. ಮಾಲಕರು ರ್‍ಯಾಲಿಯ ಸ್ಟಿಕ್ಕರನ್ನು ಈಗ ಅಂಗಡಿಯ ಗಾಜಿಗೆ ಅಂಟಿಸಿಕೊಂಡಿದ್ದಾರೆ, ರಜೆ ಕೊಡುವಾಗ ಮಾತ್ರ ಗೊಣಗುತ್ತಾರೆ.

ಈ ವರ್ಷ ಡ್ರೈವರಿಗೆ ಮದುವೆ ನಿಶ್ಚಯವಾಯಿತು. ಎಸ್ಟೀಮ್ ಮಾರಿಬಿಟ್ಟ. ನ್ಯಾವಿಗೇಟರ್ ಬದುಕು ಹೀಗೆಯೇ, ಇನ್ನೊಬ್ಬರ ಕಾರು ನಂಬಿದ್ದು. ಅದೇ ಹೊತ್ತಿಗೆ ಎರಡು ಕರೆ ಬಂದವು. ಒಂದು, ಹೊಸ ಡ್ರೈವರನೊಬ್ಬನ ಪಕ್ಕದ ಸೀಟು. ಕಾರು ಒಳ್ಳೆಯದು, ಸಂಬಳ ಇಲ್ಲ. ಇನ್ನೊಂದು, ಟಯರ್ ಬದಲಾಯಿಸಿದ ದಿನ ನಂಬರ್ ತೆಗೆದುಕೊಂಡಿದ್ದವರದು. ಕೊಯಮತ್ತೂರಿನಲ್ಲಿ ಅವರ ತಂಡಕ್ಕೆ ಮೆಕ್ಯಾನಿಕ್ ಬೇಕು. ತಿಂಗಳ ಸಂಬಳ, ಇರಲು ಕೋಣೆ. ಸೀಟು ಖಾಲಿ ಇದ್ದರೆ ಕೂರಬಹುದು, ಮಾತು ಕೊಡುವುದಿಲ್ಲ.

ಭಾನುವಾರ ನನ್ನ ಹತ್ತಿರ ಕೇಳಿದ. ನಾನು ಅಮ್ಮನನ್ನು ಕೇಳು ಅಂದೆ. ತಂಗಿ ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದಳು: "ಎರಡರಲ್ಲಿ ಊಟ ಹಾಕುವವರು ಯಾರು?"

ಮರುದಿನ ಕಾಸರಗೋಡು ಸ್ಟೇಷನ್ನಿನಲ್ಲಿ ಚೆನ್ನೈ ಮೇಲ್ ಹತ್ತಿದ. ಸ್ಪ್ಯಾನರುಗಳ ಪೆಟ್ಟಿಗೆ ಕಾಲಡಿಯಲ್ಲಿ, ಬಟ್ಟೆಯ ಚೀಲ ಮೇಲೆ. ಹೆಲ್ಮೆಟಿನ ಚೀಲವನ್ನು ಮಾತ್ರ ಯಾರಿಗೂ ಮುಟ್ಟಲು ಬಿಡದೆ ಮಡಿಲಲ್ಲೇ ಇಟ್ಟುಕೊಂಡು ಕೂತಿದ್ದ. ಗಾಡಿ ಹೊರಟಾಗ ಕಿಟಕಿಯಿಂದ ಕೈ ಬೀಸಲಿಲ್ಲ, ಸ್ಟೇಷನ್ನಿನ ಗಡಿಯಾರ ನೋಡಿ ತನ್ನದನ್ನು ಸರಿ ಮಾಡಿಕೊಳ್ಳುತ್ತಿದ್ದ.